ಬಾಕಿ ಎಷ್ಟು ಎಂದು ಕೇಳುತ್ತೀರಿ, ಏಕೆ ಎಂದು ಕೇಳಿ

ಪ್ರಗತಿ ಪರಿಶೀಲನಾ ಸಭೆ ಹೇಗಿರುತ್ತದೆ ಎಂದು ಸರ್ಕಾರಿ ನೌಕರರಿಗೆ ವಿವರಿಸಬೇಕಾಗಿಲ್ಲ. ಮೇಲಿನವರು ಬಾಕಿ ಅರ್ಜಿ, ಕಡತ ಎಷ್ಟು ಎಂದು ಗದರುತ್ತಾರೆ, ಕೆಳಗಿನವರು 'ಕ್ರಮ ವಹಿಸುತ್ತೇವೆ ಸರ್' ಎನ್ನುತ್ತಾರೆ, ಅಷ್ಟರಲ್ಲಿ ಚಹಾ ಬರುತ್ತದೆ. ಬಾಕಿ ಏಕಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ದಾವಣಗೆರೆಯಲ್ಲಿ ಬಹಳ ವರ್ಷಗಳಿಂದ ಗುಮಾಸ್ತಿಕೆ ಮಾಡುತ್ತಿರುವ ನನಗನಿಸುವುದು, ಅದಕ್ಕೆ ಉತ್ತರ ಗೊತ್ತಿರುವವರನ್ನು ಸಭೆಗೆ ಕರೆದೇ ಇರುವುದಿಲ್ಲ.

ಶಾಲೆ ಶುರುವಾಗುವ ಹೊತ್ತಿಗೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನೂಕುನುಗ್ಗಲು. ಮಾಯಕೊಂಡ, ಆನಗೋಡು ಕಡೆಯ ತಾಯಂದಿರು ಕೂಲಿ ಬಿಟ್ಟು ಬರುತ್ತಾರೆ. ಆಧಾರ್‌ನಲ್ಲಿ ಬಸಮ್ಮ, ಪಡಿತರ ಚೀಟಿಯಲ್ಲಿ ಬಸವ್ವ, ಮಗನ ಶಾಲೆಯಲ್ಲಿ ಇನ್ನೊಂದು. ಕೌಂಟರಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ. ಪರಿಶೀಲನೆಗೆ ಹೋದಾಗ 'ಹೆಸರು ತಾಳೆಯಾಗುವುದಿಲ್ಲ' ಎಂದು ತಿರಸ್ಕೃತವಾಗುತ್ತದೆ. ಅಂಕಿಅಂಶದಲ್ಲಿ ಇದೂ ವಿಲೇವಾರಿಯೇ! ನಿಗದಿತ ದಿನಗಳೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ, 2012ರಲ್ಲಿ ಬಂದ ಸಕಾಲ ಒಳ್ಳೆಯ ವ್ಯವಸ್ಥೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವಿದೆ. ಆದರೆ ಅದು ಎಣಿಸುವುದು ದಿನಗಳನ್ನು, ಆ ತಾಯಿ ಬಸ್ಸು ಹತ್ತಿಳಿದದ್ದನ್ನಲ್ಲ. ಕೌಂಟರಿನವರು, ಪರಿಶೀಲಿಸುವವರು, ಜನರ ಬೈಗುಳ ಮೊದಲು ಕೇಳಿಸಿಕೊಳ್ಳುವ ದಲಾಯತರು ಒಂದು ಮೇಜಿನ ಸುತ್ತ ಕುಳಿತರೆ, ಅರ್ಜಿ ಪಡೆಯುವಾಗಲೇ ದಾಖಲೆಗಳ ಹೆಸರು ತಾಳೆ ನೋಡೋಣ ಎಂಬ ತೀರ್ಮಾನಕ್ಕೆ ಅರ್ಧ ಗಂಟೆಯೂ ಬೇಡ.

ಹೀಗೆ ಕೂರುವುದಕ್ಕೇ ಕ್ವಾಲಿಟಿ ಸರ್ಕಲ್ ಎನ್ನುತ್ತಾರೆ. 1962ರಲ್ಲಿ ಜಪಾನಿನಲ್ಲಿ ಕವೋರು ಇಶಿಕಾವಾ ಮುಂತಾದವರು ಆರಂಭಿಸಿದ ಪದ್ಧತಿ. ಒಂದೇ ವಿಭಾಗದ ಆರೆಂಟು ಜನ ತಾವಾಗಿಯೇ ಸೇರುತ್ತಾರೆ, ತಮ್ಮ ಕೆಲಸದ ಒಂದು ತೊಂದರೆಯನ್ನು ತಾವೇ ಆರಿಸಿಕೊಳ್ಳುತ್ತಾರೆ, ಲೆಕ್ಕ ಇಡುತ್ತಾರೆ, ಕಾರಣಗಳನ್ನು ಮೀನಿನ ಮೂಳೆಯ ಆಕಾರದಲ್ಲಿ ಬರೆದು ಬಿಡಿಸುತ್ತಾರೆ, ಪರಿಹಾರವನ್ನು ಮೇಲಧಿಕಾರಿಗಳ ಮುಂದಿಡುತ್ತಾರೆ. ಖಾಸಗಿಯವರ ಶೋಕಿ ಎಂದು ಮೂಗು ಮುರಿಯಬೇಡಿ. ನಮ್ಮ ದೇಶದಲ್ಲಿ 1980ರ ಸುಮಾರಿಗೆ ಇದಕ್ಕೆ ನಾಂದಿ ಹಾಡಿದ್ದು ಹೈದರಾಬಾದಿನ ಬಿಎಚ್‌ಇಎಲ್. ಅದು ಕೇಂದ್ರ ಸರ್ಕಾರದ ಉದ್ಯಮ.

ನನ್ನ ಅಂಜಿಕೆ ಬೇರೆ. ನಾಳೆ ಯಾರೋ ಉತ್ಸಾಹಿಗಳು ಸುತ್ತೋಲೆ ಹೊರಡಿಸುತ್ತಾರೆ. ಅಧ್ಯಕ್ಷರು, ಸದಸ್ಯ ಕಾರ್ಯದರ್ಶಿ, ನಡಾವಳಿ, ಅನುಪಾಲನಾ ವರದಿ ಎಲ್ಲ ಬರುತ್ತವೆ. ಇದಕ್ಕೂ ಒಂದು ಕಡತ ತೆರೆದು, ಆ ಕಡತವೂ ಬಾಕಿ ಉಳಿಯುತ್ತದೆ. ಸಾಹೇಬರೇ ಎದುರಿಗೆ ಕುಳಿತರೆ ದಲಾಯತರು ಬಾಯಿ ಬಿಡುತ್ತಾರೆಯೇ? ಲೋಪ ತೋರಿಸಿದವರಿಗೇ ಕಾರಣ ಕೇಳಿ ನೋಟಿಸ್ ಬರುವುದಾದರೆ ಯಾರು ತಾನೇ ಮಾತನಾಡುತ್ತಾರೆ? ಗುಂಪು ಕೂರುವಷ್ಟು ಹೊತ್ತು ಸಾಹೇಬರು ದೂರವಿರಲಿ. ಗುಂಪು ಕೊಟ್ಟ ಸಲಹೆಗೆ ಹದಿನೈದು ದಿನದೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಕಾರಣಸಹಿತ ಬರೆದುಕೊಡಲಿ. ಶಾಲು, ಹಾರ ಬೇಡ.

'ಹುದ್ದೆಗಳೇ ಖಾಲಿ, ಗುಂಪು ಎಲ್ಲಿಂದ ತರುವುದು?' ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಮಾತು. ನೇಮಕಾತಿ ಸರ್ಕಾರವೇ ಮಾಡಬೇಕು, ಯಾವ ಸರ್ಕಲ್ಲೂ ಮಾಡಲಾಗದು. ಆದರೆ ಇಬ್ಬರ ಕೆಲಸ ಒಬ್ಬರೇ ಮಾಡುತ್ತಿರುವ ಶಾಖೆಯಲ್ಲಿ ಅದೇ ವಿವರವನ್ನು ಕಂಪ್ಯೂಟರಿನಲ್ಲೂ ವಹಿಯಲ್ಲೂ ಮತ್ತೆ ಮತ್ತೆ ಏಕೆ ಬರೆಸುತ್ತೀರಿ ಎಂದು ಕೇಳುವುದಕ್ಕಾದರೂ ಒಂದು ಜಾಗ ಬೇಡವೇ?