ಡಬಲ್ ಲೈನ್ ಬಂತು, ನಮ್ಮ ರೈಲಿಗೆ ಲೂಪ್ ಲೈನೇ ಗತಿ

ಇವತ್ತೂ ಲೇಟು. 35 ನಿಮಿಷ. ಬೆಂಗಳೂರು-ಮೈಸೂರು ಲೈನ್‌ನಲ್ಲಿ ದಿನಾ ಓಡಾಡುವವರಿಗೆ ಇದು ಗೊತ್ತಿರುತ್ತದೆ. ನಮ್ಮ ಮೆಮು, ಅಂದರೆ ಕರೆಂಟಿನ ಲೋಕಲ್ ರೈಲು, ಸ್ವಲ್ಪ ವೇಗ ಹಿಡಿಯಿತು ಅನ್ನುವಷ್ಟರಲ್ಲಿ ಗಡಗಡ ಅಂತ ಪಾಯಿಂಟ್ ದಾಟಿ ಲೂಪ್ ಲೈನಿಗೆ, ಬೇರೆ ರೈಲಿಗೆ ದಾರಿ ಬಿಡುವ ಪಕ್ಕದ ಹಳಿಗೆ, ಹೊರಳುತ್ತದೆ, ನಿಲ್ಲುತ್ತದೆ, ಅಷ್ಟೇ. ಯಾಕೆ ಅಂತ ಹೇಳುವವರಿಲ್ಲ, ಎಷ್ಟು ಹೊತ್ತು ಅಂತಲೂ ಇಲ್ಲ. ಸೌತೆಕಾಯಿ ಮಾರುವವನು ಮೂರು ಸಲ ಅತ್ತಿಂದಿತ್ತ ಓಡಾಡಿ, ಕೊನೆಗೆ ಅವನೂ ಬುಟ್ಟಿ ಇಳಿಸಿ ಬಾಗಿಲಲ್ಲಿ ಕೂತ.

ಆಫೀಸಿಗೆ ಫೋನ್ ಮಾಡಿ "ಸಾರ್, ಕ್ರಾಸಿಂಗ್‌ಗೆ ಹಾಕಿದ್ದಾರೆ" ಅಂದೆ. "ನಿಮ್ದು ಡಬಲ್ ಲೈನ್ ಅಲ್ವೇನ್ರೀ, ಇನ್ನೆಂಥ ಕ್ರಾಸಿಂಗು?" ಅಂದರು. ಏನಂತ ಉತ್ತರ ಕೊಡಲಿ? ಸಿಂಗಲ್ ಲೈನ್ ಇದ್ದಾಗ ಎದುರಿಂದ ಬರುವ ರೈಲಿಗೆ ಕಾಯುತ್ತಿದ್ದೆವು. ಈಗ ಹಿಂದಿನಿಂದ ಬರುವ ರೈಲಿಗೆ ಕಾಯುತ್ತೇವೆ. ಶತಾಬ್ದಿ ಹೋಗಲಿ, 2022ರ ನವೆಂಬರ್‌ನಿಂದ ವಂದೇ ಭಾರತ್ ಹೋಗಲಿ, ಅದರ ಹಿಂದೆ ಇನ್ಯಾವುದೋ ಎಕ್ಸ್‌ಪ್ರೆಸ್ ಹೋಗಲಿ, ಆಮೇಲೆ ಉಳಿದ ಟೈಮಲ್ಲಿ ನಾವು.

ನಮ್ಮ ಸ್ಟೇಷನ್ ಹೆಸರು ಬೇಡ ಬಿಡಿ. ರಾಮನಗರ ದಾಟಿ ಮೈಸೂರಿನ ಕಡೆ ಬಂದರೆ ಇಂಥವು ಎಷ್ಟೋ ಇವೆ. ಒಂದು ಹಳದಿ ಬೋರ್ಡು, ಒಂದು ಹುಣಸೆ ಮರ, ಮೂರು ಕಲ್ಲು ಬೆಂಚು. ಟಿಕೆಟ್ ಕಿಟಕಿ ತೆಗೆದರೆ ತೆಗೆಯಿತು, ಇಲ್ಲದಿದ್ದರೆ ಇಲ್ಲ. ಮೊಬೈಲಲ್ಲಿ ತಗೊಳ್ಳೋಣ ಅಂದರೆ ಆ್ಯಪ್ ಇನ್ನೊಂದು ಥರ. ಹಳಿಗೆ ತೀರಾ ಹತ್ತಿರ ಇದ್ದೀರಿ, ದೂರ ಹೋಗಿ ಅನ್ನುತ್ತದೆ. ಸ್ಟೇಷನ್ನಿಗೆ ಬಂದವನು ಟಿಕೆಟ್‌ಗೋಸ್ಕರ ವಾಪಸ್ ಗದ್ದೆ ಕಡೆ ಓಡಬೇಕು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬಹುದಂತೆ, ಸರಿ. ನಮ್ಮಲ್ಲಿ ಅದನ್ನು ಅಂಟಿಸಿದ್ದ ಕಡೆ ಗೋಂದಿನ ಗುರುತು ಮಾತ್ರ ಉಳಿದಿದೆ.

ಈ ಲೈನ್ ಹಾಕಿದ್ದು ಯಾರು ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. 1876-78ರ ಬರ, ಹಳಬರು ಧಾತು ಈಶ್ವರ ಬರ ಅನ್ನುತ್ತಿದ್ದದ್ದು. ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಸಿಗಲಿ ಅಂತ ಮೈಸೂರು ಸೀಮೆಯಲ್ಲಿ ಹಿಡಿದ ಕೆಲಸ ಇದು. ಮಂಕರಿ ಹೊತ್ತು ಮಣ್ಣು ಸುರಿದವರು ಇದೇ ಹಳ್ಳಿಗಳವರು. 1882ರಲ್ಲಿ ಮೀಟರ್ ಗೇಜ್ ರೈಲು ಮೈಸೂರು ಮುಟ್ಟಿತು. ಆಮೇಲೆ ಬ್ರಾಡ್‌ಗೇಜ್ ಆಯ್ತು, ಕರೆಂಟ್ ಬಂತು, ಜೋಡಿ ಹಳಿ ಬಂತು. ಟಿಪ್ಪು ಎಕ್ಸ್‌ಪ್ರೆಸ್ ಹೋಗಿ 2022ರಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಆಯ್ತು, ಅದಕ್ಕೆ ಟಿವಿಯಲ್ಲಿ ಎಷ್ಟು ಜಗಳ! ನಮಗೆ ಇಬ್ಬರೂ ಒಂದೇ. ಟಿಪ್ಪುನೂ ನಿಲ್ಲಲಿಲ್ಲ, ಒಡೆಯರೂ ನಿಲ್ಲಲ್ಲ.

ದುಡ್ಡು ಕೀಳುವಾಗ ಮಾತ್ರ ನಾವು ನೆನಪಾಗುತ್ತೇವೆ. ಕೊರೊನಾದಲ್ಲಿ ಪ್ಯಾಸೆಂಜರ್ ನಿಂತಿತು, ವಾಪಸ್ ಬರುವಾಗ ಸ್ಪೆಷಲ್ ಅಂತ ಹೆಸರಿಟ್ಟುಕೊಂಡು ಬಂತು, 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಯ್ತು. ಅದೇ ಬೋಗಿ, ಅದೇ ಮುರುಕಲು ಸೀಟು. 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಸಿದರು. ಇಳಿಸಿದ್ದಕ್ಕೆ ಊರವರು ಖುಷಿಪಟ್ಟರು ನೋಡಿ, ಅದೇ ನನಗೆ ಇನ್ನೂ ಉರಿಸುವುದು.

ಹೋದ ವಾರದ ಮಾತು. ನಮ್ಮವ್ವನಿಗೆ ಶುಗರ್ ತೋರಿಸಲಿಕ್ಕೆ ಮಂಡ್ಯಕ್ಕೆ ಹೊರಟೆವು. ನಮ್ಮ ಪ್ಲಾಟ್‌ಫಾರಂ ನೆಲಕ್ಕೇ ಇದೆ, ಮೆಮು ಮೆಟ್ಟಿಲು ಅವ್ವನ ಸೊಂಟದ ಹತ್ತಿರ. ಸೀರೆ ನೆರಿಗೆ ಎತ್ತಿ ಕಟ್ಟಿ, ಕಂಬಿ ಹಿಡಿದು ಒಂದು ಕಾಲಿಟ್ಟಳು, ಇನ್ನೊಂದು ಬರಲಿಲ್ಲ. ಒಳಗಿದ್ದ ಹುಡುಗ ರಟ್ಟೆ ಹಿಡಿದು ಎಳೆದ, ನಾನು ಕೆಳಗಿಂದ ತಳ್ಳಿದೆ. ಹತ್ತಿದಳು, ಎಡಗಾಲ ಚಪ್ಪಲಿ ಹಳಿಗೆ ಬಿತ್ತು, ರೈಲು ಹೊರಟಿತು. ಮಂಡ್ಯದಲ್ಲಿ ಡಾಕ್ಟರ ಮುಂದೆ ಒಂದೇ ಚಪ್ಪಲಿಯಲ್ಲಿ ನಿಂತಳು. ಶುಗರ್ ಇರುವವರು ಬರಿಗಾಲಲ್ಲಿ ಓಡಾಡಬಾರದು ಅಂತ ಅವರು ಬೈದಿದ್ದು ನನಗೆ.

ಇದೇ ಲೈನಿಗೆ ಅಡ್ಡ ಬಂತು ಅಂತ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಸಿಡಿಮದ್ದಿನ ಮನೆಯನ್ನೇ ಸರಿಸಿದರಲ್ಲ, 2017ರ ಮಾರ್ಚ್‌ನಲ್ಲಿ! ಆ ಗೋಡೆಗಳು ಒಂದು ಕಲ್ಲು ಉದುರದ ಹಾಗೆ, ಜಾಕ್ ಕೊಟ್ಟು, ನೂರು ಮೀಟರಿಗೂ ಜಾಸ್ತಿ ದೂರ ತಳ್ಳಿದರು. ನಾನೂ ನೋಡಲು ಹೋಗಿದ್ದೆ, ಸುಳ್ಳು ಯಾಕೆ, ಕೆಲಸ ನೋಡಿ ಹೆಮ್ಮೆ ಅನ್ನಿಸಿತ್ತು. ಇನ್ನೂರು ವರ್ಷದ ಕಟ್ಟಡಕ್ಕೆ ಕಾಲು ಬರಿಸಿದವರ ಕೈಲಿ ಒಂದು ಪ್ಲಾಟ್‌ಫಾರಂ ಎರಡಡಿ ಎತ್ತರಿಸಲು ಆಗಲ್ವಾ? ಅರ್ಜಿ ಕೊಟ್ಟರೆ "ಮೇಲೆ ಕಳಿಸಿದ್ದೇವೆ" ಅನ್ನುತ್ತಾರೆ. ನಾವು ಕೇಳಿದ್ದೂ ಮೇಲೆ ಮಾಡಿ ಅಂತಲೇ.

ಬೈಕಲ್ಲಿ ಹೋಗು ಅನ್ನಬೇಡಿ. ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡಲ್ಲ.

ಮಾರನೇ ದಿನ ಅವ್ವನ ಚಪ್ಪಲಿ ಜಲ್ಲಿ ಮೇಲೆ ಸಿಕ್ಕಿತು, ತಂದುಕೊಟ್ಟೆ. ತೊಳೆದು ಒಣಗಿಸುತ್ತಾ ಅಂದಳು, "ನಂಗ್ಯಾಕಪ್ಪಾ ನಿನ್ ರೈಲು, ಬಸ್ಸಲ್ಲಿ ಆಧಾರ್ ತೋರ್ಸುದ್ರೆ ಫ್ರೀ." ಸರಿಯಾಗೇ ಹೇಳಿದಳು. ಆದರೆ ನನ್ನ ಆಧಾರ್‌ಗೆ ಆ ಭಾಗ್ಯ ಇಲ್ಲ. ರೈಲಿನ ಪಾಸ್ ಬೇರೆ ಇನ್ನೂ 19 ದಿನ ಇದೆ.