ಪಂಪಿನ ಸ್ಟೀರಾಯ್ಡ್, ಪೊಟ್ಟಣದ ಸ್ಟೀರಾಯ್ಡ್

ಮಗನ ಕ್ಲಾಸಿನ ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲಿ ಮೊನ್ನೆ ರಾತ್ರಿ ಒಬ್ಬರು ಕೇಳಿದ್ರು: "ಮಗಳ ಆಸ್ತಮಾಗೆ ಡಾಕ್ಟ್ರು ಪಂಪ್ (ಇನ್ಹೇಲರ್) ಬರೆದಿದಾರೆ. ಅದ್ರಲ್ಲಿ ಸ್ಟೀರಾಯ್ಡ್ ಇದೆಯಂತೆ. ಶುರು ಮಾಡ್ಲಾ, ಬೇಡ್ವಾ?" ಹತ್ತು ನಿಮಿಷದಲ್ಲಿ ಮೂವತ್ತು ಉತ್ತರ. ಒಮ್ಮೆ ಹಿಡಿಸಿದ್ರೆ ಜೀವನಪೂರ್ತಿ ಬಿಡಲ್ಲ, ಮೂಳೆ ಸವೆಯುತ್ತೆ, ಹುಡುಗಿ ಎತ್ತರ ಆಗಲ್ಲ, ಅರಿಶಿನದ ಹಾಲು ಕೊಡಿ, ಮೃಗಶಿರಾ ಮಳೆ ಹುಟ್ಟೋ ದಿನ ಹೈದರಾಬಾದಿಗೆ ಕರ್ಕೊಂಡು ಹೋಗಿ ಮೀನು ನುಂಗಿಸಿ. ಕೊನೆಗೆ ಯಾರೋ "ಏನೂ ಆಗಲ್ಲ ರೀ, ಪೂರ್ತಿ ಸೇಫ್" ಅಂದ್ರು. ನನಗೆ ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಆ ಕೊನೇ ಉತ್ತರಕ್ಕೆ.

ನಾಲ್ಕು ವರ್ಷದ ಹಿಂದೆ ನನಗೂ ಒಬ್ಬ ಡಾಕ್ಟ್ರು ಅದನ್ನೇ ಹೇಳಿದ್ರು. ಮಗನಿಗೆ ಆಗ ನಾಲ್ಕು ತುಂಬಿತ್ತು. "ಏನೂ ಸೈಡ್ ಎಫೆಕ್ಟ್ ಇಲ್ಲಮ್ಮ, ಬೆಳಿಗ್ಗೆ ಒಂದು ಪಫ್, ರಾತ್ರಿ ಒಂದು" ಅಂತ ಚೀಟಿ ಬರೆದು ಎರಡು ನಿಮಿಷದಲ್ಲಿ ಕಳಿಸಿದ್ರು. ಹದಿನೈದು ದಿನಕ್ಕೆ ಹುಡುಗನ ನಾಲಿಗೆ ಮೇಲೆ, ಕೆನ್ನೆ ಒಳಗೆ ಹಾಲಿನ ಕೆನೆ ಥರ ಬಿಳಿ ಪದರ. "ನೋಡಮ್ಮ, ನಾನು ಹೇಳ್ಲಿಲ್ವಾ" ಅಂದ್ರು ಅತ್ತೆ. ಅದು ಬಾಯಿಯ ಫಂಗಸ್. ಪಂಪ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಸಿದ್ರೆ, ಮಾಸ್ಕ್ ಹಾಕಿದ ಮುಖ ಒರೆಸಿದ್ರೆ ಬಹುಪಾಲು ತಪ್ಪೋ ಅಂಥದ್ದು. ಆದ್ರೆ ಮುಕ್ಕಳಿಸಿ ಅಂತ ಯಾರೂ ಹೇಳಿರ್ಲಿಲ್ಲ. ಹೇಳಿದ್ರೆ ಸೈಡ್ ಎಫೆಕ್ಟ್ ಇದೆ ಅಂತ ಒಪ್ಪಿಕೊಂಡ ಹಾಗಾಗ್ತಿತ್ತಲ್ಲ!

ಆಮೇಲೆ ಆ ಡಾಕ್ಟ್ರು ಹೇಳಿದ ಇನ್ಯಾವ ಮಾತನ್ನೂ ನಾನು ನಂಬಲಿಲ್ಲ. ಪಂಪ್ ಬೀರು ಮೇಲೆ ಹೋಯ್ತು. ಸ್ಟೀರಾಯ್ಡ್ ಇಲ್ಲದ ನೀಲಿ ಪಂಪ್ ಮಾತ್ರ ಇಟ್ಕೊಂಡೆ, ಎಳೆದ ಐದು ನಿಮಿಷಕ್ಕೆ ಉಸಿರು ಸಲೀಸಾಗುತ್ತೆ, ಕಣ್ಣಿಗೆ ಕಾಣೋ ಗುಣ. ಉಸಿರ್ನಾಳದ ಸ್ನಾಯು ಸಡಿಲ ಮಾಡೋದಷ್ಟೇ ಅದರ ಕೆಲಸ, ಒಳಗಿನ ಊತ ಹಾಗೇ ಇರುತ್ತೆ ಅನ್ನೋದು ಗೊತ್ತಾಗಿದ್ದು ದೀಪಾವಳಿ ವಾರದಲ್ಲಿ. ರಾತ್ರಿ ಎರಡು ಗಂಟೆ, ಪಕ್ಕೆಲುಬಿನ ಸಂದಿ ಒಳಗೆ ಸೆಳ್ಕೊಳ್ತಿತ್ತು, ಒಂದು ಪೂರ್ತಿ ವಾಕ್ಯ ಆಡೋಕಾಗ್ದೆ "ಅಮ್ಮ... ನೀರು" ಅಂತಿದ್ದ. ಎಮರ್ಜೆನ್ಸಿಯಲ್ಲಿ ನೆಬುಲೈಸರ್, ಆಕ್ಸಿಜನ್. ಮನೆಗೆ ಬರುವಾಗ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ, ದಿನಕ್ಕೆ 20 ಮಿಲಿಗ್ರಾಂ, ಐದು ದಿನ.

ಆ ಚೀಟಿ ಇಟ್ಕೊಂಡು ಲೆಕ್ಕ ಹಾಕಿದೆ. ಐದು ದಿನಕ್ಕೆ 100 ಮಿಲಿಗ್ರಾಂ, ಅಂದ್ರೆ ಒಂದು ಲಕ್ಷ ಮೈಕ್ರೋಗ್ರಾಂ. ಅವನ ಪಂಪಲ್ಲಿದ್ದ ಸ್ಟೀರಾಯ್ಡ್ ಬ್ಯುಡೆಸೊನೈಡ್, ದಿನಕ್ಕೆ 200 ಮೈಕ್ರೋಗ್ರಾಂ. ಐನೂರು ದಿನದ ಪಂಪು! ಈ ಎರಡು ಔಷಧಿ ತೂಕಕ್ಕೆ ತೂಕ ಸಮ ಅಲ್ಲ, ಬ್ಯುಡೆಸೊನೈಡ್ ಜೋರು, ಹಾಗಾಗಿ ನನ್ನದು ಕಿರಾಣಿ ಅಂಗಡಿ ಲೆಕ್ಕ. ಆದ್ರೂ ಮಾತ್ರೆ ರಕ್ತದಲ್ಲಿ ಮೈಯೆಲ್ಲ ಸುತ್ತುತ್ತೆ. ಪಂಪಿನದು ನೇರ ಶ್ವಾಸಕೋಶಕ್ಕೆ. ಗಂಟಲಲ್ಲಿ ಕೂತು ಹೊಟ್ಟೆಗೆ ಇಳಿದ ಬ್ಯುಡೆಸೊನೈಡಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ರಕ್ತಕ್ಕೆ ಸೇರೋ ಮೊದಲೇ ಯಕೃತ್ತು ಮುಗಿಸಿಬಿಡುತ್ತೆ. ಸ್ಟೀರಾಯ್ಡಿಗೆ ಹೆದರಿ ಪಂಪ್ ಬಿಡಿಸಿದ ನಾನೇ ಮಗನಿಗೆ ಅದಕ್ಕಿಂತ ದೊಡ್ಡ ಸ್ಟೀರಾಯ್ಡ್ ಕುಡಿಸಿದ್ದೆ.

ಇನ್ನು ಎತ್ತರ. ಇದನ್ನ ತೇಲಿಸಿ ಮಾತಾಡಲ್ಲ, ಯಾಕಂದ್ರೆ ಇದು ನಿಜ. ಅಮೆರಿಕ ಮತ್ತು ಕೆನಡಾದಲ್ಲಿ 5ರಿಂದ 12 ವರ್ಷದ 1,041 ಮಕ್ಕಳನ್ನ ಇಟ್ಕೊಂಡು ಒಂದು ಅಧ್ಯಯನ ನಡೀತು. ಒಂದು ಗುಂಪಿಗೆ ನಾಲ್ಕಾರು ವರ್ಷ ದಿನಾ 400 ಮೈಕ್ರೋಗ್ರಾಂ ಬ್ಯುಡೆಸೊನೈಡ್. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಮತ್ತೆ ಅಳೆದು 2012ರಲ್ಲಿ ಪ್ರಕಟಿಸಿದ್ರು: ಔಷಧಿ ಇಲ್ಲದ ಪಂಪ್ ಎಳೆದವರಿಗಿಂತ ಇವರು ಸರಾಸರಿ 1.2 ಸೆಂಟಿಮೀಟರ್ ಕುಳ್ಳು. ಕಮ್ಮಿಯಾಗಿದ್ದು ಬಹುತೇಕ ಮೊದಲೆರಡು ವರ್ಷದಲ್ಲೇ, ವರ್ಷ ವರ್ಷ ಕೂಡ್ತಾ ಹೋಗ್ಲಿಲ್ಲ. ಹಾಗಂತ ಪೂರ್ತಿ ವಾಪಸ್ಸೂ ಬರ್ಲಿಲ್ಲ. ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಲ್ಲಿ ಮಗನ ಎತ್ತರದ ಪೆನ್ಸಿಲ್ ಗೆರೆಗಳಿವೆ. ಸ್ಕೇಲ್ ಹಿಡಿದು 1.2 ಸೆಂಟಿಮೀಟರ್ ಎಷ್ಟು ಅಂತ ನೋಡಿದೆ. ನನ್ನ ಕಿರುಬೆರಳಿನ ಅಗಲ. ತಾಯಿಗೆ ಅದೂ ಕಮ್ಮಿ ಅನ್ಸಲ್ಲ. ಆದ್ರೆ ಆ ರಾತ್ರಿ ಎರಡು ಗಂಟೆಯ ಪಕ್ಕದಲ್ಲಿಟ್ಟು ನೋಡಿದಾಗ ಯಾವುದು ಬೇಕು ಅಂತ ಯೋಚಿಸೋಕೆ ಹೊತ್ತು ಹಿಡೀಲಿಲ್ಲ. ಬೆಲೆ ಹೇಳಿದ್ರೆ ಕೊಡೋದು, ಬಿಡೋದು ನಾವು ತೀರ್ಮಾನ ಮಾಡ್ತೀವಿ. ಪುಕ್ಕಟೆ ಅಂತ ಹೇಳಿ ಆಮೇಲೆ ಬಿಲ್ ಕೊಟ್ರೆ ಜಗಳ ಆಗುತ್ತೆ.

ಇನ್ನೊಂದು ಅಂಕಿ ನನ್ನ ತಲೆಯಿಂದ ಹೋಗಲ್ಲ. 2000ರಲ್ಲಿ ಕೆನಡಾದಿಂದಲೇ ಬಂದ ಲೆಕ್ಕ: ವರ್ಷದಲ್ಲಿ ಸ್ಟೀರಾಯ್ಡ್ ಪಂಪಿನ ಒಂದೊಂದು ಡಬ್ಬಿ ಜಾಸ್ತಿ ಬಳಸಿದ ಹಾಗೆ ಆಸ್ತಮಾದಿಂದ ಸಾಯೋ ಪ್ರಮಾಣ ಶೇಕಡಾ 21ರಷ್ಟು ಇಳೀತಾ ಹೋಗಿತ್ತು.

ಹೆದರಬೇಕಾದ ಜಾಗಾನೂ ಇವೆ. ವರ್ಷಗಟ್ಟಲೆ ಜೋರು ಡೋಸ್ ಎಳೆದ್ರೆ ಕಣ್ಣಿನ ಪೊರೆ, ಮೂಳೆ ತೆಳ್ಳಗಾಗೋದು, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟೋದು ಬರಬಹುದು. ಬೀಡಿ ಸೇದಿ ಶ್ವಾಸಕೋಶ ಹಾಳಾದ ಸಿಒಪಿಡಿಯವರಿಗೆ ನ್ಯುಮೋನಿಯಾ ಹೆಚ್ಚು. ದೊಡ್ಡ ಡೋಸನ್ನ ತಟ್ಟನೆ ನಿಲ್ಲಿಸಬಾರದು. ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು: ಹುಳುಕಡ್ಡಿಗೆ ಈಗ ಸಲೀಸಾಗಿ ಕೊಡೋ ಇಟ್ರಾಕೊನಜೋಲ್ ಕ್ಯಾಪ್ಸೂಲ್, ಪಂಪಿನ ಬ್ಯುಡೆಸೊನೈಡ್ ಮತ್ತು ಫ್ಲುಟಿಕಾಸೋನನ್ನ ಯಕೃತ್ತು ಕರಗಿಸದ ಹಾಗೆ ತಡೆಯುತ್ತೆ. ಪಂಪು ಸಣ್ಣದಾದ್ರೂ ಮೈಗೆ ದೊಡ್ಡದಾಗಿ ಕೂರುತ್ತೆ. ಚರ್ಮದ ಡಾಕ್ಟ್ರ ಹತ್ರ ಹೋದಾಗ ಪಂಪಿನ ವಿಷಯ ಹೇಳಿ.

ಈಗ ನಮ್ಮ ಅಪ್ಪನ ಕಥೆ. ಶಿರಾ ಕಡೆ ನಮ್ಮೂರು, ಕಡಲೆಕಾಯಿ ಧೂಳು, ಅಪ್ಪನಿಗೆ ಮೊದಲಿಂದ್ಲೂ ಉಬ್ಬಸ. "ಪಂಪ್ ಅಂದ್ರೆ ಕೊನೇ ಸ್ಟೇಜು ಕಣವ್ವ" ಅಂತ ಮುಟ್ತಿರ್ಲಿಲ್ಲ. ಪಕ್ಕದೂರಲ್ಲಿ ಒಬ್ರು ಅಮಾವಾಸ್ಯೆಗೆ ಪೊಟ್ಟಣದಲ್ಲಿ ಬೂದಿ ಬಣ್ಣದ ಪುಡಿ ಕೊಡ್ತಿದ್ರು. ಮೂರೇ ದಿನದಲ್ಲಿ ಉಬ್ಬಸ ಮಾಯ. ಹಸಿವು ಜಾಸ್ತಿ, ಕೆನ್ನೆ ಗುಂಡಗೆ. "ಮೈ ಕೈ ತುಂಬ್ಕೊಂಡ" ಅಂತ ಊರೆಲ್ಲ ಖುಷಿ. ಎರಡು ವರ್ಷಕ್ಕೆ ಸಕ್ಕರೆ ಕಾಯಿಲೆ, ಎರಡೂ ಕಣ್ಣಿಗೆ ಪೊರೆ. ಪುಡಿ ಸಿಗದ ಒಂದು ತಿಂಗಳು ವಾಂತಿ, ಸುಸ್ತು, ಕೊನೆಗೆ ಬಚ್ಚಲಲ್ಲಿ ಬಿದ್ರು. ತುಮಕೂರಲ್ಲಿ ಡಾಕ್ಟ್ರು ಮುಖ ನೋಡ್ತಿದ್ದ ಹಾಗೇ ಕೇಳಿದ್ದು ಒಂದೇ ಪ್ರಶ್ನೆ: "ಯಜಮಾನ್ರೆ, ಯಾವ ಪುಡಿ ತಗೋತಿದ್ರಿ?" ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದು, ಮೈ ತಾನೇ ತಯಾರಿಸೋ ಸ್ಟೀರಾಯ್ಡ್ ಕಾರ್ಟಿಸಾಲ್ ಎಷ್ಟಿದೆ ನೋಡಿದ್ರು, ಇಲ್ಲವೇ ಇಲ್ಲ ಅನ್ನೋಷ್ಟು. ಹೊರಗಿಂದ ಸ್ಟೀರಾಯ್ಡ್ ಬರ್ತಾ ಬರ್ತಾ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ನಿದ್ದೆ ಹೋಗಿತ್ತು. ಆ ಪುಡಿಯನ್ನ ಯಾರೂ ಲ್ಯಾಬಲ್ಲಿ ಪರೀಕ್ಷೆ ಮಾಡಿಸಿಲ್ಲ. ಆದ್ರೆ ಇಂಥ ಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸೋದು ಹೊಸದೇನಲ್ಲ ಅಂದ್ರು ಆ ಡಾಕ್ಟ್ರು.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಡಬ್ಬಿ ಮೇಲೆ ಹೆಸರು, ಮೈಕ್ರೋಗ್ರಾಂ, ತಾರೀಖು ಎಲ್ಲ ಬರೆದಿರೋ ಔಷಧಿಗೆ ನೂರು ಪ್ರಶ್ನೆ. ಏನೂ ಬರೆಯದ ಪೊಟ್ಟಣಕ್ಕೆ ಕೈ ಮುಗಿದು ನೂರೊಂದು ರೂಪಾಯಿ ಕಾಣಿಕೆ.

ಅಪ್ಪ ಈಗ ಪಂಪ್ ತಗೋತಾರೆ, ಮುಕ್ಕಳಿಸಿ ತೆಂಗಿನ ಬುಡಕ್ಕೆ ಉಗೀತಾರೆ. ಮಗನಿಗೆ ಈಗ ಎಂಟು. ಮೂರು ತಿಂಗಳು ಕೆಮ್ಮಿಲ್ಲದೆ ಕಳೆದ್ರೆ ಡೋಸ್ ಇಳಿಸಬಹುದಾ ನೋಡೋಣ ಅಂದಿದಾರೆ ಈಗಿನ ಡಾಕ್ಟ್ರು. ಇವರು ಪ್ರತಿ ಸಲ ಅವನ ಎತ್ತರ ಅಳೆದು ಚಾರ್ಟಲ್ಲಿ ಗುರುತು ಹಾಕ್ತಾರೆ, ಅದಕ್ಕೇ ನನಗೆ ಇವರ ಮೇಲೆ ನಂಬಿಕೆ.

ಗ್ರೂಪಿನ ಆ ತಾಯಿಗೆ ಇಷ್ಟೆಲ್ಲ ಟೈಪ್ ಮಾಡೋಕಾಗ್ಲಿಲ್ಲ. ಭಾನುವಾರ ಮಗಳನ್ನೂ, ಪಂಪಿಗೆ ಸಿಕ್ಕಿಸೋ ಕೊಳವೆ ಸ್ಪೇಸರನ್ನೂ ತಗೊಂಡು ಮನೆಗೆ ಬನ್ನಿ ಅಂದಿದೀನಿ. ತೋರಿಸೋದು ನಾನೇ ಅಂತ ಮಗ ಈಗ್ಲೇ ಹಟ ಹಿಡಿದಿದಾನೆ.