1986ರ ಫಿಲಿಪೀನ್ಸ್ ಜನಕ್ರಾಂತಿ ಸಫಲವಾಯಿತೇ? ಪರ – ವಿರೋಧ

ಪರ

ಆ ಕ್ರಾಂತಿ ಸಫಲವಾಯಿತೇ ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಒಂದು ರೇಡಿಯೊ. 1986ರಲ್ಲಿ ನಾನು ಮನಿಲಾದಿಂದ ಸುಮಾರು 60 ಕಿಲೋಮೀಟರ್ ದೂರದ ಲಾಸ್ ಬಾನ್ಯೋಸ್‌ನಲ್ಲಿ ಭತ್ತದ ತಳಿಗಳ ಮೇಲೆ ಸಂಶೋಧನೆ ಮಾಡುತ್ತ, ವಯಸ್ಸಾದ ಶಿಕ್ಷಕಿಯೊಬ್ಬರ ಮನೆಯಲ್ಲಿ ಬಾಡಿಗೆಗಿದ್ದೆ. ಸರ್ಕಾರದ ವಿಚಾರ ಬಂದರೆ ಆಕೆ ಎದ್ದು ಹೋಗಿ, ರೇಡಿಯೊದಲ್ಲಿ ಹಾಡನ್ನು ಜೋರಾಗಿ ಹಾಕಿ ಬಂದು, ಆಮೇಲೆ ತಗ್ಗಿದ ದನಿಯಲ್ಲಿ ಮಾತು ಮುಂದುವರಿಸುತ್ತಿದ್ದರು. ಪಕ್ಕದ ಮನೆಗೆ ಕೇಳಿಸಬಾರದೆಂಬ ಈ ಎಚ್ಚರ 1972ರಲ್ಲಿ ಮಾರ್ಷಲ್ ಲಾ, ಅಂದರೆ ಸೇನಾಬಲದ ಆಡಳಿತ, ಘೋಷಣೆಯಾದಾಗಿನಿಂದ ಆಕೆಗೆ ಅಂಟಿಕೊಂಡಿತ್ತು.

1965ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದು ಬಂದ ಫರ್ಡಿನಂಡ್ ಮಾರ್ಕೋಸ್ ಇಪ್ಪತ್ತು ವರ್ಷ ಕುರ್ಚಿ ಬಿಡಲಿಲ್ಲ. ಪತ್ರಿಕೆಗಳು ಮುಚ್ಚಿದವು, ವಿರೋಧಿಗಳು ಜೈಲು ಸೇರಿದರು, ಸಾವಿರಾರು ಮಂದಿ ಚಿತ್ರಹಿಂಸೆ ಅನುಭವಿಸಿದರು. ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ 1983ರ ಆಗಸ್ಟ್ 21ರಂದು ದೇಶಕ್ಕೆ ಮರಳಿ ಬಂದಾಗ ಮನಿಲಾದ ವಿಮಾನ ನಿಲ್ದಾಣದಲ್ಲೇ ಗುಂಡಿಗೆ ಬಲಿಯಾದರು. ಅವರ ಪತ್ನಿ ಕೊರಾಜೋನ್ 1986ರ ಫೆಬ್ರವರಿ 7ರ ಚುನಾವಣೆಯಲ್ಲಿ ಮಾರ್ಕೋಸ್‌ಗೆ ಎದುರಾಗಿ ನಿಂತರು. ಎರಡು ದಿನಗಳ ಬಳಿಕ, ತಾವು ಎಣಿಸುತ್ತಿರುವ ಅಂಕಿಗಳಿಗೂ ಫಲಿತಾಂಶದ ಫಲಕದ ಮೇಲೆ ಕಾಣುತ್ತಿರುವ ಅಂಕಿಗಳಿಗೂ ತಾಳೆಯಿಲ್ಲವೆಂದು ಚುನಾವಣಾ ಆಯೋಗದ ಸುಮಾರು 35 ಕಂಪ್ಯೂಟರ್ ಸಿಬ್ಬಂದಿ ಕೆಲಸ ಬಿಟ್ಟು ಹೊರನಡೆದರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕ್ರಾಂತಿ ನಿಜವಾಗಿ ಆರಂಭವಾದದ್ದು ಆ ರಾತ್ರಿ ಎಂದೇ ನಾನು ನಂಬಿದ್ದೇನೆ.

ಫೆಬ್ರವರಿ 22ರ ರಾತ್ರಿ, ಸರ್ಕಾರದ ವಿರುದ್ಧ ತಿರುಗಿಬಿದ್ದ ಸೈನಿಕರನ್ನು ಕಾಪಾಡಲು ಬೀದಿಗೆ ಬನ್ನಿ ಎಂದು ಮನಿಲಾದ ಆರ್ಚ್‌ಬಿಷಪ್ ಕಾರ್ಡಿನಲ್ ಸಿನ್ ಅವರು ಚರ್ಚಿನ ಕೇಂದ್ರವಾದ ರೇಡಿಯೊ ವೆರಿಟಾಸ್‌ನಲ್ಲಿ ಕರೆಕೊಟ್ಟಾಗ, ನಮ್ಮ ಮನೆಯೊಡತಿ ಅದೇ ರೇಡಿಯೊವನ್ನು ದನಿ ತಗ್ಗಿಸಿ ಕಿವಿಗೆ ಒತ್ತಿಕೊಂಡು ಕೂತಿದ್ದರು. ಮರುದಿನ ಸರ್ಕಾರದ ಕಡೆಯವರು ಆ ಕೇಂದ್ರದ ಪ್ರಸಾರ ಯಂತ್ರಗಳನ್ನು ಒಡೆದುಹಾಕಿದರು. ಆಕೆ ಗುಂಡಿ ತಿರುಗಿಸುತ್ತಲೇ ಇದ್ದರು. ಕಡೆಗೆ ಆ ಕೇಂದ್ರದ ನಿರೂಪಕಿ ಜೂನ್ ಕೀತ್ಲಿಯವರ ದನಿ ಬೇರೊಂದು ಕಡೆಯಿಂದ ಮತ್ತೆ ಕೇಳಿಬಂತು. 24ರ ಬೆಳಿಗ್ಗೆ ಮಾರ್ಕೋಸ್ ದೇಶ ಬಿಟ್ಟರೆಂಬ ಸುದ್ದಿ ಬಂದು ಬೀದಿಯೆಲ್ಲ ಕುಣಿಯುತ್ತಿರುವಾಗಲೇ, ಅವರು ಸರ್ಕಾರಿ ಟಿವಿಯಲ್ಲಿ ಕಾಣಿಸಿಕೊಂಡು ತಾನು ಇಲ್ಲೇ ಇದ್ದೇನೆ ಎಂದರು. ಮನೆಯೊಡತಿ ಸೆರಗಿಲ್ಲದ ತಮ್ಮ ಉಡುಪಿನ ಅಂಚನ್ನೇ ಹಿಡಿದು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ, ಮಾರ್ಕೋಸ್ ಮಾತಿನ ನಡುವೆಯೇ, ಪರದೆ ಬರಿದಾಯಿತು: ಬಂಡೆದ್ದವರು ಟಿವಿ ಕೇಂದ್ರವನ್ನು ವಶಪಡಿಸಿಕೊಂಡಿದ್ದರು. 25ರ ರಾತ್ರಿ ಮಾರ್ಕೋಸ್ ಅಮೆರಿಕದ ಹೆಲಿಕಾಪ್ಟರ್ ಹತ್ತಿದ ಸುದ್ದಿ ಖಚಿತವಾದಾಗ ಆಕೆ ರೇಡಿಯೊವನ್ನು ಕಿಟಕಿಯ ಹಲಗೆಯ ಮೇಲಿಟ್ಟು, ಬೀದಿಗೆ ಮುಖಮಾಡಿ, ಪೂರ್ತಿ ದನಿಯಲ್ಲಿ ಹಾಕಿದರು.

ಜನ ಸೇರಿದ್ದ ಮನಿಲಾದ ಎಡ್ಸಾ ಹೆದ್ದಾರಿಯಲ್ಲಿ ಜಪಮಾಲೆ ಹಿಡಿದ ಸನ್ಯಾಸಿನಿಯರು ಟ್ಯಾಂಕುಗಳ ಮುಂದೆ ಮಂಡಿಯೂರಿದರು, ಟ್ಯಾಂಕುಗಳು ಮುಂದಕ್ಕೆ ಬರಲಿಲ್ಲ. ಜನರ ಮೇಲೆ ಗುಂಡು ಹಾರಿಸದ ಸೈನಿಕನೂ ಆ ದಿನ ಪ್ರಜೆಯೇ ಆಗಿದ್ದ. 1987ರ ಸಂವಿಧಾನ ಅಧ್ಯಕ್ಷರಿಗೆ ಆರು ವರ್ಷಗಳ ಒಂದೇ ಅವಧಿಯನ್ನು ನಿಗದಿಮಾಡಿತು. ಮಾರ್ಕೋಸ್ ಬಚ್ಚಿಟ್ಟ ಸ್ವಿಸ್ ಬ್ಯಾಂಕಿನ ಹಣದಲ್ಲಿ 65 ಕೋಟಿ ಡಾಲರಿಗೂ ಹೆಚ್ಚು ಮೊತ್ತ ಸರ್ಕಾರಕ್ಕೆ ಸೇರತಕ್ಕದ್ದೆಂದು ಸುಪ್ರೀಂ ಕೋರ್ಟ್ 2003ರಲ್ಲಿ ತೀರ್ಪು ಕೊಟ್ಟಿತು. 2013ರ ಕಾನೂನು ಮಾರ್ಕೋಸ್ ಕಾಲದಲ್ಲಿ ನೊಂದವರಿಗೆ ಪರಿಹಾರ ಕೊಟ್ಟಿತು, ಮತ್ತು 11,103 ಮಂದಿಯ ಸಂಕಟ ಸರ್ಕಾರಿ ದಾಖಲೆಯಾಯಿತು.

2022ರಲ್ಲಿ ಮಾರ್ಕೋಸ್ ಮಗನೇ ಗೆದ್ದನಲ್ಲ ಎಂದು ಹಂಗಿಸುವವರು, ಜನ ತಮ್ಮ ಮನಸ್ಸಿನಂತೆ ಮತ ಹಾಕುವುದನ್ನೇ ಅಪರಾಧವೆಂದು ಭಾವಿಸಿದಂತಿದೆ. ಆ ಮಗ ಆರು ವರ್ಷ ಮುಗಿದ ದಿನ ಅಧ್ಯಕ್ಷರ ಅರಮನೆ ಬಿಡಬೇಕೆಂದು ಬರೆದಿಟ್ಟದ್ದು ಎಡ್ಸಾದ ಜನರೇ.

ವಿರೋಧ

ಈ ಪಕ್ಷವನ್ನು ಸಂಪಾದಕರು ನನಗೆ ವಹಿಸಿದ್ದಾರೆ. ಮಾರ್ಕೋಸ್ ಉಳಿಯಬೇಕಿತ್ತೆಂದು ನಾನು ಖಂಡಿತ ವಾದಿಸಲಾರೆ. ಬೀದಿಗಿಳಿದವರ ಧೈರ್ಯವನ್ನೂ ಅಲ್ಲಗಳೆಯಲಾರೆ. ಆದರೆ ಸರ್ವಾಧಿಕಾರಿಯೊಬ್ಬ ಓಡಿಹೋದದ್ದನ್ನೇ ಕ್ರಾಂತಿಯ ಯಶಸ್ಸೆಂದು ಎಣಿಸಬಹುದೇ ಎಂಬ ಪ್ರಶ್ನೆ ನನ್ನದೂ ಹೌದು.

ಬೀದಿಗಿಳಿದ ಜನ ಕಾಪಾಡಿದ್ದು ಯಾರನ್ನು? ರಕ್ಷಣಾ ಸಚಿವ ಎನ್ರಿಲೆ ಮಾರ್ಷಲ್ ಲಾ ಆಡಳಿತವನ್ನು ನಡೆಸಿದವರಲ್ಲಿ ಪ್ರಮುಖರು. ಜನರಲ್ ರಾಮೋಸ್ ಅದೇ ಕಾಲದಲ್ಲಿ ಕಾನ್‌ಸ್ಟಾಬ್ಯುಲರಿ ಎಂಬ ಸಶಸ್ತ್ರ ಪೊಲೀಸ್ ಪಡೆಯ ಮುಖ್ಯಸ್ಥರು. ತಮ್ಮ ಸೇನಾದಂಗೆಯ ಸಂಚು ಬಯಲಾದಾಗ ಅವರು ಜನರ ಮರೆಗೆ ಬಂದರು. ರಾಮೋಸ್ 1992ರಲ್ಲಿ ಅಧ್ಯಕ್ಷರೇ ಆದರು. ದಂಗೆಯ ರುಚಿ ಕಂಡ ಸೈನಿಕರು ಮಾರ್ಕೋಸ್ ನಂತರ ಅಧ್ಯಕ್ಷೆಯಾದ ಕೊರಾಜೋನ್ ಅಕಿನೊ ಸರ್ಕಾರದ ಮೇಲೂ ಮತ್ತೆ ಮತ್ತೆ ತಿರುಗಿಬಿದ್ದರು, 1989ರ ಡಿಸೆಂಬರಿನಲ್ಲಂತೂ ಸರ್ಕಾರ ಕೂದಲೆಳೆಯಲ್ಲಿ ಉಳಿಯಿತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಭೂಮಿಯ ಪ್ರಶ್ನೆ. ಜನಕ್ರಾಂತಿಗೆ ಒಂದು ವರ್ಷವೂ ತುಂಬಿರಲಿಲ್ಲ. 1987ರ ಜನವರಿ 22ರಂದು ಭೂಸುಧಾರಣೆ ಕೇಳಲು ಅರಮನೆಯತ್ತ ಹೊರಟ ರೈತರ ಮೇಲೆ ಮೆಂಡಿಯೋಲಾ ಸೇತುವೆಯ ಬಳಿ ಗುಂಡು ಹಾರಿತು, 13 ಮಂದಿ ಸತ್ತರು. 1988ರಲ್ಲಿ ಭೂಸುಧಾರಣಾ ಕಾನೂನೇನೋ ಬಂತು, ಆದರೆ ದೊಡ್ಡ ತೋಟಗಳ ಒಡೆಯರು ಜಮೀನಿನ ಬದಲು ಕಂಪನಿಯ ಷೇರು ಹಂಚಿ ಪಾರಾಗುವ ದಾರಿಯನ್ನೂ ಅದೇ ಕಾನೂನು ತೆರೆದಿಟ್ಟಿತು. ಆ ದಾರಿ ಹಿಡಿದವುಗಳಲ್ಲಿ ಅಧ್ಯಕ್ಷೆಯ ತವರಿನವರ ಕಬ್ಬಿನ ತೋಟ ಹಸಿಯೆಂಡಾ ಲುಯಿಸಿತಾ ಒಂದು. 2004ರ ನವೆಂಬರಿನಲ್ಲಿ ಅಲ್ಲಿನ ಮುಷ್ಕರನಿರತ ಕಾರ್ಮಿಕರ ಮೇಲೆ ಗುಂಡು ಹಾರಿ ಕನಿಷ್ಠ ಏಳು ಮಂದಿ ಸತ್ತರು. ಜಮೀನನ್ನೇ ಹಂಚಬೇಕೆಂದು ಸುಪ್ರೀಂ ಕೋರ್ಟ್ ಹೇಳಲು 2011ರವರೆಗೆ ಕಾಯಬೇಕಾಯಿತು. ಕಬ್ಬು ಕಡಿಯುವವನ ಪಾಲಿಗೆ 1986 ಏನನ್ನು ಬದಲಿಸಿತೆಂದು ಹುಡುಕಿದರೆ ನನಗೆ ಹೆಚ್ಚೇನೂ ಸಿಗಲಿಲ್ಲ.

ಪರವಾಗಿ ಬರೆಯುವವರು 1987ರ ಸಂವಿಧಾನವನ್ನು ಎತ್ತಿ ತೋರಿಸುತ್ತಾರೆ. 2016ರಿಂದ 2022ರವರೆಗೆ ಅಧ್ಯಕ್ಷರಾಗಿದ್ದ ಡುಟೆರ್ಟೆ ಕಾಲದ ಮಾದಕವಸ್ತು ಕಾರ್ಯಾಚರಣೆಯಲ್ಲಿ, ಸರ್ಕಾರವೇ ಒಪ್ಪಿದ ಲೆಕ್ಕದ ಪ್ರಕಾರ, 6,000ಕ್ಕೂ ಹೆಚ್ಚು ಮಂದಿ ಹತರಾದದ್ದು ಇದೇ ಸಂವಿಧಾನ ಜಾರಿಯಲ್ಲಿರುವಾಗ. 2016ರಲ್ಲಿ ಮಾರ್ಕೋಸ್ ಶವವನ್ನು ವೀರರ ಸ್ಮಶಾನಕ್ಕೆ ಸೇರಿಸಿದ್ದೂ ಆಗಲೇ. ವಂಶಾಡಳಿತವನ್ನು ನಿಷೇಧಿಸಬೇಕೆಂದು ಆ ಸಂವಿಧಾನದಲ್ಲೇ ಬರೆದಿದೆ, ಆದರೆ ವಂಶಾಡಳಿತವೆಂದರೇನು ಎಂಬುದನ್ನು ಕಾನೂನು ನಿರ್ಧರಿಸಲಿ ಎಂದು ಬಿಟ್ಟಿದೆ. ಆ ಕಾನೂನನ್ನು ಮಾಡಬೇಕಾದ ಸಂಸತ್ತಿನಲ್ಲಿ ಅವೇ ಕುಟುಂಬಗಳು ಕೂತಿರುವುದರಿಂದ, ಮೂವತ್ತು ವರ್ಷ ಕಳೆದರೂ ಸಂಸದರಿಗೆ ಅನ್ವಯಿಸುವ ಅಂಥದೊಂದು ಮಸೂದೆ ಅಂಗೀಕಾರವಾಗಲಿಲ್ಲ. 2022ರಲ್ಲಿ ಮಾರ್ಕೋಸ್ ಮಗನಿಗೆ 3 ಕೋಟಿ 10 ಲಕ್ಷಕ್ಕೂ ಹೆಚ್ಚು ಮತ ಬಿದ್ದಾಗ, ಉಪಾಧ್ಯಕ್ಷ ಸ್ಥಾನಕ್ಕೆ ಅವರ ಜೊತೆಯಲ್ಲೇ ನಿಂತು ಗೆದ್ದವರು ಡುಟೆರ್ಟೆಯ ಮಗಳು.